ಬರಿಗಾಲ ಗೆಳೆಯರ ನೆನಪಲ್ಲಿ ಮಕ್ಕಳಿಗೆ ಹಾಡು ಕಟ್ಟಿದ ಕೊಡಾಯ್

ದೊಡ್ಡ ಸಭಾಂಗಣಗಳಲ್ಲಿ ಹೆಸರು ಮಾಡಿದ ಸಂಗೀತ ಸಂಯೋಜಕರೊಬ್ಬರು ಖ್ಯಾತಿ ಏರುತ್ತಿರುವ ಹೊತ್ತಿನಲ್ಲೇ ಶಾಲಾ ಮಕ್ಕಳಿಗೆ ಪುಟ್ಟ ಪುಟ್ಟ ಹಾಡು ಬರೆಯಲು ಕುಳಿತರೆ ಜನ ಏನೆಂದುಕೊಂಡಾರು? ಇಂಥ ಪ್ರತಿಭೆಗೆ ಇದೆಂಥ ಕೆಲಸ ಎಂದು ಕೆಲವರಾದರೂ ಮೂಗು ಮುರಿಯುತ್ತಾರೆ. ಹಂಗೇರಿಯ ಜೋಲ್ತಾನ್ ಕೊಡಾಯ್ ಅದನ್ನೇ ಮಾಡಿದರು. ಒಂದೆರಡು ವರ್ಷ ಅಲ್ಲ, ಬದುಕಿನ ಕೊನೆಯ ನಾಲ್ಕು ದಶಕಗಳನ್ನು ಅವರು ಮಕ್ಕಳ ಸಂಗೀತ ಶಿಕ್ಷಣಕ್ಕಾಗಿ ಸವೆಸಿದರು.

ಸಂಗೀತ ಉಳ್ಳವರ ಮನೆಯ ಅಲಂಕಾರವಲ್ಲ, ಅಕ್ಷರದಂತೆ ಅದು ಪ್ರತಿ ಮಗುವಿನ ಹಕ್ಕು ಎಂಬುದು ಅವರ ನಂಬಿಕೆಯಾಗಿತ್ತು. ಪಿಯಾನೋ ಕೊಳ್ಳಲು ಹಣ ಬೇಕು, ಪಿಟೀಲು ಕಲಿಸಲು ಗುರು ಬೇಕು. ಆದರೆ ಕೊರಳು ಎಲ್ಲ ಮಕ್ಕಳಿಗೂ ಇದೆ, ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಹೀಗಾಗಿ ಸಂಗೀತ ಪಾಠ ಹಾಡಿನಿಂದಲೇ ಶುರುವಾಗಬೇಕು ಎಂದು ಅವರು ಹಟ ಹಿಡಿದರು. ಆ ಹಟದ ಬೇರು ಇರುವುದು ಅವರ ಬಾಲ್ಯದಲ್ಲಿ.

ರೈಲು ನಿಲ್ದಾಣದ ಮನೆ

ಕೊಡಾಯ್ ಹುಟ್ಟಿದ್ದು 1882ರ ಡಿಸೆಂಬರ್ 16ರಂದು, ಬುಡಾಪೆಸ್ಟ್‌ನ ಆಗ್ನೇಯಕ್ಕಿರುವ ಕೆಚ್ಕೆಮೇಟ್ ಎಂಬ ಊರಿನಲ್ಲಿ. ತಂದೆ ಫ್ರಿಜೆಶ್ ರೈಲ್ವೆ ನೌಕರ. ಕೆಲಸ ಮುಗಿಸಿ ಮನೆಗೆ ಬಂದರೆ ಪಿಟೀಲು ಕೈಗೆತ್ತಿಕೊಳ್ಳುತ್ತಿದ್ದರು. ತಾಯಿ ಪೌಲಿನಾ ಪಿಯಾನೋ ನುಡಿಸುತ್ತಿದ್ದರು, ಚೆನ್ನಾಗಿ ಹಾಡುತ್ತಿದ್ದರು. ಸಂಜೆ ಹೊತ್ತು ಮನೆಯಲ್ಲೇ ಕಛೇರಿ.

ರೈಲ್ವೆ ಕೆಲಸವೆಂದರೆ ವರ್ಗಾವಣೆ ತಪ್ಪಿದ್ದಲ್ಲ. ಮಗುವಿಗೆ ಎರಡು ವರ್ಷ ಕಳೆದ ಮೇಲೆ, 1885ರಲ್ಲಿ, ಕುಟುಂಬ ಗಲಾಂತ ಎಂಬ ಪುಟ್ಟ ಊರಿಗೆ ಬಂತು. ಈಗ ಸ್ಲೊವಾಕಿಯಾಕ್ಕೆ ಸೇರಿರುವ ಈ ಊರಿನಲ್ಲಿ ಕೊಡಾಯ್ ಏಳು ವರ್ಷ ಕಳೆದರು. ಬಾಲ್ಯದ ಅತ್ಯಂತ ಸುಖದ ದಿನಗಳು ಅವೇ ಎಂದು ಮುಂದೆ ನೆನೆಯುತ್ತಿದ್ದರು. ಹಳ್ಳಿ ಶಾಲೆಯಲ್ಲಿ ಜೊತೆಗೆ ಕುಳಿತವರು ರೈತರ ಮಕ್ಕಳು, ಚಪ್ಪಲಿ ಇಲ್ಲದೆ ಶಾಲೆಗೆ ಬರುವವರು. ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಕ್ಕಳು ಹಳ್ಳಿ ಹಾಡು ಹಾಡುತ್ತಿದ್ದರು. ಊರಿನ ಜಿಪ್ಸಿ ವಾದ್ಯದವರು ಕುಣಿತದ ಮಟ್ಟುಗಳನ್ನು ನುಡಿಸುತ್ತಿದ್ದರು. ಒಳಮನೆಯಲ್ಲಿ ತಂದೆತಾಯಿಯ ಶಾಸ್ತ್ರೀಯ ಸಂಗೀತ, ಹೊರಗೆ ಹಳ್ಳಿಯ ಹಾಡು. ಹುಡುಗನ ಕಿವಿಗೆ ಎರಡೂ ಒಟ್ಟಿಗೇ ಬಿದ್ದವು.

1892ರಲ್ಲಿ ಮತ್ತೆ ವರ್ಗಾವಣೆಯಾಗಿ ಕುಟುಂಬ ನಾಜ್‌ಸೊಂಬತ್ ಪಟ್ಟಣಕ್ಕೆ ಹೋಯಿತು. ಸ್ಲೊವಾಕಿಯಾದ ಇಂದಿನ ತ್ರ್ನಾವ ಅದು. ಅಲ್ಲಿ ಕೊಡಾಯ್ ಚರ್ಚಿನ ಗಾಯನವೃಂದದಲ್ಲಿ ಹಾಡಿದರು, ಪಿಟೀಲು ಕಲಿತರು. ಮನೆಯ ಕಛೇರಿಗೆ ಚೆಲ್ಲೋ ನುಡಿಸುವವರಿಲ್ಲ ಎಂದಾಗ ಅದನ್ನೂ ಬಹುತೇಕ ತಾವಾಗಿಯೇ ಕಲಿತರು. ಅವರು ಬರೆದ ಒಂದು ವಾದ್ಯಕೃತಿಯನ್ನು 1898ರಲ್ಲಿ ಶಾಲೆಯ ವಾದ್ಯವೃಂದ ನುಡಿಸಿತು. ಆಗ ಅವರಿಗೆ ಹದಿನೈದು ವರ್ಷ.

ಹಾಡು ಹುಡುಕುತ್ತ ಹಳ್ಳಿ ಹಳ್ಳಿಗೆ

1900ರಲ್ಲಿ ಓದಲೆಂದು ಬುಡಾಪೆಸ್ಟ್‌ಗೆ ಬಂದ ಕೊಡಾಯ್ ಎರಡು ದೋಣಿಯಲ್ಲಿ ಕಾಲಿಟ್ಟರು. ವಿಶ್ವವಿದ್ಯಾಲಯದಲ್ಲಿ ಹಂಗೇರಿಯನ್ ಮತ್ತು ಜರ್ಮನ್ ಭಾಷೆ, ಸಂಗೀತ ಅಕಾಡೆಮಿಯಲ್ಲಿ ಹನ್ಸ್ ಕೋಸ್ಲರ್ ಅವರಲ್ಲಿ ಸಂಯೋಜನೆಯ ಪಾಠ. ಎರಡರಲ್ಲೂ ದಡ ಸೇರಿದರು.

ಆಗ ಹಂಗೇರಿ, ಆಸ್ಟ್ರಿಯಾದೊಂದಿಗೆ ಒಂದೇ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ರಾಜಧಾನಿಯ ಸಂಗೀತ ಲೋಕದಲ್ಲಿ ಜರ್ಮನ್ ಪ್ರಭಾವವೇ ಹೆಚ್ಚು. ಹೋಟೆಲುಗಳಲ್ಲಿ ಜಿಪ್ಸಿ ವಾದ್ಯವೃಂದಗಳು ನುಡಿಸುತ್ತಿದ್ದ ಇತ್ತೀಚಿನ ಜನಪ್ರಿಯ ಹಾಡುಗಳನ್ನೇ ಪಟ್ಟಣಿಗರು ಹಂಗೇರಿಯ ಜನಪದ ಸಂಗೀತ ಎಂದು ತಿಳಿದಿದ್ದರು. ಹೊಲಗದ್ದೆಗಳಲ್ಲಿ ಮುದುಕ ಮುದುಕಿಯರು ಹಾಡುತ್ತಿದ್ದ ಹಳೆಯ ಹಾಡುಗಳನ್ನು ಕೇಳುವವರಿರಲಿಲ್ಲ.

1905ರ ಬೇಸಿಗೆಯಲ್ಲಿ ಕೊಡಾಯ್ ಹಾಡು ಸಂಗ್ರಹಕ್ಕೆಂದು ಮೊದಲ ಬಾರಿಗೆ ಹೊರಟರು. ಹೋದದ್ದು ತಾವು ಆಡಿ ಬೆಳೆದ ಗಲಾಂತದ ಸುತ್ತಲಿನ ಹಳ್ಳಿಗಳಿಗೇ. ಬೇಕಾದ ಹಾಡುಗಳು ಹಿರಿಯರ ನಾಲಗೆಯ ಮೇಲೆ ಇನ್ನೂ ಉಳಿದಿದ್ದವು. ಮರುವರ್ಷ ಹಂಗೇರಿಯ ಜನಪದ ಗೀತೆಗಳ ಪದ್ಯರಚನೆ ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು.

ಈ ಹೊತ್ತಿಗೆ ಅವರಿಗೆ ಬೇಲಾ ಬಾರ್ತೋಕ್ ಅವರ ಪರಿಚಯವಾಯಿತು. ಬುಡಾಪೆಸ್ಟ್‌ನ ಎಮ್ಮಾ ಗ್ರೂಬರ್ ಎಂಬ ಸಂಗೀತ ವಿದುಷಿಯ ಮನೆಯಲ್ಲಿ ಕಲಾವಿದರು ಸೇರುತ್ತಿದ್ದರು. ಅಲ್ಲಿ ಭೇಟಿಯಾದ ಈ ಇಬ್ಬರು ಜೀವನಪರ್ಯಂತ ಗೆಳೆಯರಾದರು. ಮೇಣದ ಉರುಳೆಯ ಮೇಲೆ ದನಿ ಮುದ್ರಿಸುವ ಫೋನೋಗ್ರಾಫ್ ಹೊತ್ತುಕೊಂಡು ಊರೂರು ತಿರುಗಿದರು. ಆ ಯಂತ್ರದ ಎದುರು ಹಾಡಲು ನಾಚುವ ಅಜ್ಜಿಯರನ್ನು ಒಪ್ಪಿಸುವುದೂ ಕೆಲಸದ ಭಾಗವೇ. 1906ರ ಕೊನೆಯಲ್ಲಿ ಇಬ್ಬರೂ ಹತ್ತತ್ತು ಹಾಡುಗಳಿಗೆ ಪಿಯಾನೋ ಹಿನ್ನೆಲೆ ಬರೆದು ಇಪ್ಪತ್ತು ಹಾಡುಗಳ ಪುಸ್ತಕ ತಂದರು. ಪುಸ್ತಕ ಕೊಳ್ಳುವವರಿಲ್ಲದೆ ವರ್ಷಗಟ್ಟಲೆ ಬಿದ್ದಿತ್ತು. ತಮ್ಮದೇ ನಾಡಿನ ಹಾಡು ನಾಡಿಗೆ ಬೇಡವಾಗಿದೆ ಎಂಬುದು ಕೊಡಾಯ್ ಮನಸ್ಸಿನಲ್ಲಿ ನಾಟಿತು.

1907ರಲ್ಲಿ ಅವರು ಸಂಗೀತ ಅಕಾಡೆಮಿಯ ಅಧ್ಯಾಪಕರಾದರು. 1910ರಲ್ಲಿ ಎಮ್ಮಾ ಅವರನ್ನೇ ಮದುವೆಯಾದರು. ಎಮ್ಮಾ ವಯಸ್ಸಿನಲ್ಲಿ ಸುಮಾರು ಹತ್ತೊಂಬತ್ತು ವರ್ಷ ದೊಡ್ಡವರು, ಮೊದಲ ಮದುವೆಯಿಂದ ಹೊರಬಂದವರು. 1958ರಲ್ಲಿ ಎಮ್ಮಾ ತೀರಿಕೊಳ್ಳುವವರೆಗೆ ಈ ದಾಂಪತ್ಯ ನಡೆಯಿತು.

ಮೊದಲ ಮಹಾಯುದ್ಧದ ನಂತರದ ಗೊಂದಲದಲ್ಲಿ ಕೊಡಾಯ್‌ಗೆ ಕೆಟ್ಟ ಕಾಲ ಬಂತು. 1919ರಲ್ಲಿ ಹಂಗೇರಿಯಲ್ಲಿ ಕೆಲವೇ ತಿಂಗಳು ನಡೆದ ಕಮ್ಯುನಿಸ್ಟ್ ಆಡಳಿತದ ವೇಳೆ ಅವರು ಅಕಾಡೆಮಿಯ ಉಪ ನಿರ್ದೇಶಕರಾಗಿದ್ದರು. ಸರ್ಕಾರ ಬಿದ್ದ ಮೇಲೆ ಅವರ ವಿರುದ್ಧ ವಿಚಾರಣೆ ನಡೆಯಿತು, ಪಾಠ ಹೇಳುವ ಕೆಲಸ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಯಿತು. ಬಾರ್ತೋಕ್ ಗೆಳೆಯನ ಪರ ಗಟ್ಟಿಯಾಗಿ ನಿಂತರು.

ಹುಡುಗರ ದನಿ ತಂದ ತಿರುವು

ಮೌನದ ನಂತರ ಬಂದದ್ದು ದೊಡ್ಡ ಗೆಲುವು. ಬುಡಾ ಮತ್ತು ಪೆಸ್ಟ್ ನಗರಗಳು ಒಂದಾಗಿ 50 ವರ್ಷ ತುಂಬಿದ ಸಂಭ್ರಮಕ್ಕೆ, 1923ರ ನವೆಂಬರ್ 19ರಂದು, ಅವರ ‘ಸಾಲ್ಮುಸ್ ಹುಂಗಾರಿಕುಸ್’ ಮೊದಲ ಬಾರಿ ಕೇಳಿಬಂತು. ಕೆಚ್ಕೆಮೇಟ್‌ನ ಕವಿ ಮಿಹಾಯ್ ವೇಗ್ ಹದಿನಾರನೇ ಶತಮಾನದಲ್ಲಿ ಹಂಗೇರಿಯನ್‌ನಲ್ಲಿ ಬರೆದಿದ್ದ ಕೀರ್ತನೆಗೆ ಕಟ್ಟಿದ ಈ ಕೃತಿ ಕೆಲವೇ ವರ್ಷಗಳಲ್ಲಿ ಗಡಿ ದಾಟಿತು. 1926ರಲ್ಲಿ ರಂಗಕ್ಕೆ ಬಂದ ‘ಹಾರಿ ಯಾನೋಶ್’ ಕೂಡ ಜನಮನ ಗೆದ್ದಿತು. ನೆಪೋಲಿಯನ್‌ನನ್ನು ತಾನೇ ಸೋಲಿಸಿದೆ ಎಂದು ಬುರುಡೆ ಬಿಡುವ ಹಳ್ಳಿಯ ಮುದಿ ಸೈನಿಕನ ಕಥೆ ಅದು.

ಈ ಎರಡು ಗೆಲುವುಗಳ ನಡುವೆಯೇ ಸಣ್ಣದೊಂದು ಘಟನೆ ನಡೆಯಿತು. ‘ಸಾಲ್ಮುಸ್’ ಕೃತಿಗೆ ಮಕ್ಕಳ ದನಿಯನ್ನೂ ಸೇರಿಸಿದಾಗ ಹಾಡಲು ಬಂದವರು ಬುಡಾಪೆಸ್ಟ್‌ನ ವೆಸೆಲೇನಿ ಬೀದಿಯ ಶಾಲೆಯ ಹುಡುಗರು. ಅವರನ್ನು ತಯಾರು ಮಾಡಿದ್ದು ಎಂದ್ರೆ ಬೊರುಶ್ ಎಂಬ ಮೇಷ್ಟ್ರು. ಸಾಮಾನ್ಯ ಶಾಲೆಯ ಮಕ್ಕಳು ಇಷ್ಟು ಶುದ್ಧವಾಗಿ ಹಾಡಬಲ್ಲರೇ ಎಂದು ಕೊಡಾಯ್ ಬೆರಗಾದರು. ಅದೇ ಹುಡುಗರಿಗಾಗಿ 1925ರಲ್ಲಿ ‘ವಿಲ್ಲೋ’ ಸೇರಿದಂತೆ ಎರಡು ಹಾಡು ಬರೆದುಕೊಟ್ಟರು.

ಅದೇ ಸುಮಾರಿಗೆ ನಡೆದ ಇನ್ನೊಂದು ಪ್ರಸಂಗವನ್ನು ಅವರ ಜೀವನ ಬರೆದವರು ಹೇಳುತ್ತಾರೆ. ಬುಡಾಪೆಸ್ಟ್ ಹೊರವಲಯದ ಗುಡ್ಡದಲ್ಲಿ ಹೊರಸಂಚಾರಕ್ಕೆ ಬಂದಿದ್ದ ಹೆಣ್ಣುಮಕ್ಕಳ ಗುಂಪೊಂದು ಹಾಡುತ್ತಿತ್ತು. ಶಿಕ್ಷಕಿಯರಾಗಲು ತರಬೇತಿ ಪಡೆಯುತ್ತಿದ್ದವರು ಅವರು. ಹಾಡುತ್ತಿದ್ದದ್ದು ಮಾತ್ರ ಕೀಳು ಅಭಿರುಚಿಯ ಹಾಡು. ನಾಳೆ ಮಕ್ಕಳಿಗೆ ಕಲಿಸಬೇಕಾದವರ ಬಾಯಲ್ಲೇ ಇಂಥ ಹಾಡು ಇದ್ದರೆ ಹಳ್ಳಿ ಮಕ್ಕಳ ಗತಿಯೇನು ಎಂದು ಕೊಡಾಯ್ ಕಳವಳಗೊಂಡರು. ತಪ್ಪು ಆ ಹುಡುಗಿಯರದ್ದಲ್ಲ, ಒಳ್ಳೆಯ ಹಾಡನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಕೊಡುವ ಕೆಲಸಕ್ಕೆ ತಾವೇ ಇಳಿದರು.

1929ರಲ್ಲಿ ಮಕ್ಕಳ ಗಾಯನವೃಂದಗಳ ಬಗ್ಗೆ ಅವರು ಬರೆದ ಲೇಖನ ಶಾಲೆಗಳ ಸಂಗೀತ ಪಾಠದ ಹುಳುಕನ್ನು ಬಯಲಿಗಿಟ್ಟಿತು. ರಾಜಧಾನಿಯ ಒಪೆರಾ ನಿರ್ದೇಶಕ ಯಾರು ಎಂಬುದಕ್ಕಿಂತ ಕಿಶ್ವಾರ್ದದಂಥ ಮೂಲೆಯ ಪಟ್ಟಣದಲ್ಲಿ ಹಾಡು ಕಲಿಸುವ ಮೇಷ್ಟ್ರು ಯಾರು ಎಂಬುದೇ ಮುಖ್ಯ ಎಂಬುದು ಅಲ್ಲಿನ ವಾದ. ನಿರ್ದೇಶಕ ಕೆಟ್ಟವನಾದರೆ ಬೇಗ ಬದಲಾಯಿಸಬಹುದು. ಕೆಟ್ಟ ಮೇಷ್ಟ್ರಾದರೋ ದಶಕಗಟ್ಟಲೆ ಅಲ್ಲೇ ಕುಳಿತು, ವರ್ಷ ವರ್ಷ ಬರುವ ಮಕ್ಕಳ ಸಂಗೀತದಾಸೆಯನ್ನೇ ಚಿವುಟಿಹಾಕುತ್ತಾರೆ. ಈ ಮಾತು ಹಲವರಿಗೆ ಕಹಿಯಾಯಿತು. ಅವರ ಶಿಷ್ಯರು ಮಾತ್ರ ಅದನ್ನು ಕೆಲಸವಾಗಿಸಿದರು. ಲಾಯೋಶ್ ಬಾರ್ದೋಶ್ ಮೊದಲಾದವರು 1934ರಲ್ಲಿ ‘ಹಾಡುವ ಯುವಜನ’ ಎಂಬ ಚಳವಳಿ ಆರಂಭಿಸಿ ಶಾಲಾ ಗಾಯನವೃಂದಗಳನ್ನು ದೇಶದುದ್ದಕ್ಕೂ ಕಟ್ಟಿದರು.

ದೊಡ್ಡ ಕೃತಿಗಳು ನಿಲ್ಲಲಿಲ್ಲ. ಬಾಲ್ಯದಲ್ಲಿ ಕೇಳಿದ ವಾದ್ಯವೃಂದದ ನೆನಪಲ್ಲಿ 1933ರಲ್ಲಿ ‘ಗಲಾಂತದ ಕುಣಿತಗಳು’ ಬಂತು. ಆದರೆ ಮೇಜಿನ ಮೇಲೆ ಅದರ ಪಕ್ಕದಲ್ಲೇ ಮಕ್ಕಳ ಪಾಠದ ಹಾಳೆಗಳೂ ಇದ್ದವು. 1937ರಿಂದ ಎರಡು ದನಿಯ ಹಾಡುಗಳ ‘ಬಿಚಿನಿಯಾ ಹುಂಗಾರಿಕಾ’ ಪ್ರಕಟವಾಗತೊಡಗಿತು. ಗಲಾಂತದ ಶಾಲೆಯಲ್ಲಿ ತಮ್ಮ ಜೊತೆ ಕುಳಿತಿದ್ದ ಬರಿಗಾಲ ಗೆಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಬರೆದದ್ದಾಗಿ ಅವರು ಹೇಳಿಕೊಂಡಿದ್ದಾರೆ. ಆ ಮಕ್ಕಳಲ್ಲಿ ದನಿಯಿತ್ತು, ಹಾಡಿತ್ತು. ಕಲಿಸುವವರು ಮಾತ್ರ ಇರಲಿಲ್ಲ.

ಪಾಠ ನಡೆಯುವುದು ಹೀಗೆ

ಇಂದು ಜಗತ್ತು ಕರೆಯುವ ‘ಕೊಡಾಯ್ ಪದ್ಧತಿ’ಯನ್ನು ಅವರು ಒಂದು ಪುಸ್ತಕವಾಗಿ ಬರೆದಿಡಲಿಲ್ಲ. ತತ್ವ ಮತ್ತು ಹಾಡುಗಳು ಅವರದು. ತರಗತಿಯಲ್ಲಿ ಅದನ್ನು ಹೇಗೆ ಕಲಿಸಬೇಕು ಎಂಬ ಕ್ರಮವನ್ನು ರೂಪಿಸಿದವರಲ್ಲಿ ಶಿಷ್ಯ ಯೆನೋ ಆದಾಮ್ ಪ್ರಮುಖರು. ಅವರ ಕೈಪಿಡಿ 1944ರಲ್ಲಿ ಬಂತು.

ಕೊಡಾಯ್ ಒಳ್ಳೆಯದು ಎಲ್ಲಿದ್ದರೂ ತಂದುಕೊಂಡರು. ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಸಾಮಾನ್ಯ ಜನ ಗುಂಪಾಗಿ, ಸ್ವರ ನೋಡಿ ಹಾಡುವುದನ್ನು ಕಂಡು ಮೆಚ್ಚಿದರು. ಸಾರಾ ಗ್ಲೋವರ್ ಆರಂಭಿಸಿ ಜಾನ್ ಕರ್ವೆನ್ ಬೆಳೆಸಿದ ದೊ-ರೆ-ಮಿ ಪಾಠವನ್ನೂ, ಕರ್ವೆನ್ ಅವರ ಕೈಸನ್ನೆಗಳನ್ನೂ ಅಲ್ಲಿಂದ ಪಡೆದರು. ತಾಳಕ್ಕೆ ‘ತಾ’, ‘ತಿ-ತಿ’ ಎಂದು ಹೇಳುವ ಕ್ರಮ ಫ್ರಾನ್ಸಿನದು.

ಈ ದೊ-ರೆ-ಮಿಯಲ್ಲಿ ‘ದೊ’ ಒಂದೇ ಕಡೆ ನಿಲ್ಲುವುದಿಲ್ಲ. ಹಾಡುವವರು ಹಿಡಿದ ಶ್ರುತಿಯೇ ‘ದೊ’. ಸ-ರಿ-ಗ-ಮ ಕಲಿತ ಯಾವ ಕನ್ನಡಿಗರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಟ್ಟೆಯ ಶ್ರುತಿಯಿರಲಿ, ಐದು ಕಟ್ಟೆಯಿರಲಿ, ನಮ್ಮ ಷಡ್ಜವೂ ಹಾಡುವವರ ಜೊತೆಗೇ ಸಾಗುತ್ತದೆ. ಕೊಡಾಯ್ ಇದನ್ನು ಭಾರತದಿಂದ ಕಲಿತವರಲ್ಲ. ಸರಳೆ, ಜಂಟಿ, ಅಲಂಕಾರ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ, ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಪಾಠಕ್ರಮವನ್ನು ಬಲ್ಲವರಿಗೆ ಈ ದಾರಿ ಹತ್ತಿರದ್ದೆನಿಸುತ್ತದೆ, ಅಷ್ಟೆ.

ತರಗತಿಯಲ್ಲಿ ಮೊದಲು ಎರಡೇ ಸ್ವರ, ಸೊ ಮತ್ತು ಮಿ. ಕೋಗಿಲೆಯನ್ನು ಅಣಕಿಸುವಾಗ, ಆಟದಲ್ಲಿ ಒಬ್ಬರನ್ನೊಬ್ಬರು ರಾಗವಾಗಿ ಕರೆಯುವಾಗ ಮಕ್ಕಳ ಬಾಯಿಗೆ ತಾನಾಗಿ ಬರುವ ಇಳಿಕೆ ಅದು. ಆಮೇಲೆ ಲಾ. ನಂತರ ರೆ, ದೊ ಸೇರಿ ಐದು ಸ್ವರ. ನಮ್ಮ ಮೋಹನ ಅಥವಾ ಭೂಪ್ ರಾಗದ ಸ್ವರಗಳೇ ಇವು. ಹತ್ತಿರ ಹತ್ತಿರದ ಅರ್ಧ ಸ್ವರಗಳು ಎಳೆಯ ಕೊರಳಿಗೆ ಕಷ್ಟ, ಆದ್ದರಿಂದ ಅವು ಕೊನೆಗೆ. ಹಂಗೇರಿಯ ಹಳೆಯ ಜನಪದ ಹಾಡುಗಳಲ್ಲೂ ಐದು ಸ್ವರದವು ಬಹಳ. ಹೀಗಾಗಿ ಪಾಠಕ್ಕೆ ಬೇಕಾದ ಹಾಡು ನಾಡಿನಲ್ಲೇ ಸಿಕ್ಕಿತು.

ಮಕ್ಕಳು ತಾಳಕ್ಕೆ ಚಪ್ಪಾಳೆ ತಟ್ಟುತ್ತಾರೆ, ಹೆಜ್ಜೆ ಹಾಕುತ್ತಾರೆ. ಮೇಷ್ಟ್ರು ಮುಷ್ಟಿ ಕಟ್ಟಿ ತೋರಿಸಿದರೆ ದೊ, ಅಂಗೈ ಕೆಳಗೆ ಮಾಡಿ ಚಾಚಿದರೆ ಮಿ. ಕೈ ನೋಡುತ್ತ ಇಡೀ ತರಗತಿ ಹಾಡುತ್ತದೆ. ಹಾಡಿನ ನಡುವೆ ಮೇಷ್ಟ್ರು ಸನ್ನೆ ಮಾಡಿದರೆ ಎಲ್ಲರೂ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹಾಡು ಮುಂದುವರಿಸಬೇಕು. ಮತ್ತೆ ಸನ್ನೆಯಾದಾಗ ಎಲ್ಲರೂ ಒಂದೇ ಜಾಗದಲ್ಲಿ ದನಿಗೂಡಿಸಬೇಕು. ದನಿ ಹೊರಡುವ ಮೊದಲೇ ಸ್ವರ ಒಳಗೆ ಕೇಳಿಸಬೇಕು ಎಂಬುದೇ ಈ ಆಟದ ಗುಟ್ಟು. ಪಿಯಾನೋ ಬಾರಿಸುತ್ತ ಹಾಡಿಸುವುದು ಕೊಡಾಯ್‌ಗೆ ಇಷ್ಟವಿರಲಿಲ್ಲ. ಊರುಗೋಲು ಕೊಟ್ಟರೆ ಮಗು ಸ್ವಂತ ಕಾಲಲ್ಲಿ ನಡೆಯುವುದು ತಡವಾಗುತ್ತದೆ ಎಂಬುದು ಅವರ ಭಾವನೆ.

ಪಾಠ ಎಷ್ಟು ಬೇಗ ಶುರುವಾಗಬೇಕು? ಈ ಪ್ರಶ್ನೆಗೆ ಅವರ ಉತ್ತರ ಹಿಂದಕ್ಕೆ ಹಿಂದಕ್ಕೆ ಹೋಗುತ್ತಲೇ ಇತ್ತು. ಶಿಶುವಿಹಾರದ ಸಂಗೀತದ ಬಗ್ಗೆ 1940ರ ಸುಮಾರಿನಲ್ಲೇ ಉಪನ್ಯಾಸ ಕೊಟ್ಟರು. ಮಗು ಹುಟ್ಟುವ ಒಂಬತ್ತು ತಿಂಗಳ ಮೊದಲೇ ಆರಂಭವಾಗಬೇಕು ಎಂದರು. ಅದೂ ಸಾಲದೆನಿಸಿ, ತಾಯಿ ಹುಟ್ಟುವ ಒಂಬತ್ತು ತಿಂಗಳ ಮೊದಲು ಎಂದು ತಿದ್ದಿಕೊಂಡರು.

ಯುದ್ಧದ ನೆಲಮಾಳಿಗೆ

1938ರಲ್ಲಿ ಹಂಗೇರಿ ಸರ್ಕಾರ ಯಹೂದಿಗಳ ವಿರುದ್ಧ ಕಾನೂನು ತಂದಾಗ ಪ್ರತಿಭಟಿಸಿ ಸಹಿ ಹಾಕಿದ ಗಣ್ಯರಲ್ಲಿ ಕೊಡಾಯ್ ಮತ್ತು ಬಾರ್ತೋಕ್ ಇಬ್ಬರೂ ಇದ್ದರು. ಎಮ್ಮಾ ಯಹೂದಿ ಮೂಲದವರು, ಅಪಾಯ ಮನೆಬಾಗಿಲಿಗೇ ಬಂದಿತ್ತು. 1940ರಲ್ಲಿ ಬಾರ್ತೋಕ್ ಅಮೆರಿಕಕ್ಕೆ ಹೊರಟರು. ಕೊಡಾಯ್ ಊರು ಬಿಡಲಿಲ್ಲ. 1942ರಲ್ಲಿ ಅಕಾಡೆಮಿಯಿಂದ ನಿವೃತ್ತರಾದರು. ಮರುವರ್ಷ, ಯುದ್ಧದ ನಡುವೆಯೇ, ಸ್ವರ ಓದುವ ಅಭ್ಯಾಸಕ್ಕೆಂದು ಮಕ್ಕಳಿಗೆ 333 ಪುಟ್ಟ ಪಾಠಗಳ ಪುಸ್ತಕ ತಂದರು.

1944ರ ಕೊನೆಯಲ್ಲಿ ಸೋವಿಯತ್ ಸೇನೆ ಬುಡಾಪೆಸ್ಟ್‌ಗೆ ಮುತ್ತಿಗೆ ಹಾಕಿತು. ದಂಪತಿ ಮೊದಲು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ, ಬಳಿಕ ಒಪೆರಾ ಮಂದಿರದ ನೆಲಮಾಳಿಗೆಯಲ್ಲಿ ಆಶ್ರಯ ಪಡೆದರು. 1945ರ ಫೆಬ್ರವರಿ 11ರಂದು, ಮುತ್ತಿಗೆ ಕೊನೆಗೊಳ್ಳಲು ಎರಡೇ ದಿನ ಇರುವಾಗ, ಒಪೆರಾದ ಪ್ರೇಕ್ಷಕರು ಕೋಟು ಕಳಚಿಡುವ ಕೋಣೆಯಲ್ಲಿ ಅವರ ‘ಮಿಸ್ಸಾ ಬ್ರೆವಿಸ್’ ಮೊದಲ ಬಾರಿ ಕೇಳಿಬಂತು. ಅಲ್ಲೇ ಆಶ್ರಯ ಪಡೆದಿದ್ದ ಗಾಯಕರೇ ಹಾಡಿದರು, ಪಕ್ಕವಾದ್ಯಕ್ಕೆ ಒಂದು ಹಾರ್ಮೋನಿಯಂ. ಅದೇ ಸೆಪ್ಟೆಂಬರ್‌ನಲ್ಲಿ ಬಾರ್ತೋಕ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಇಬ್ಬರೂ ಸೇರಿ ಕಂಡಿದ್ದ ಜನಪದ ಸಂಗೀತದ ಮಹಾಸಂಗ್ರಹದ ಕನಸನ್ನು ಮುಂದುವರಿಸುವ ಹೊಣೆ ಕೊಡಾಯ್ ಹೆಗಲಿಗೇ ಬಿತ್ತು.

ಹುಟ್ಟೂರಿನಲ್ಲಿ ಹಾಡುವ ಶಾಲೆ

ಯುದ್ಧಾನಂತರ ಕೊಡಾಯ್ ಹಂಗೇರಿಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದರು. ಆದರೆ ಅವರು ಕಾಯುತ್ತಿದ್ದ ದಿನ ಬಂದದ್ದು 1950ರಲ್ಲಿ, ಹುಟ್ಟೂರು ಕೆಚ್ಕೆಮೇಟ್‌ನಲ್ಲಿ. ಮಾರ್ತಾ ನೆಮೆಶ್‌ಸೆಗಿ ಎಂಬ ಶಿಕ್ಷಕಿಯ ಮುತುವರ್ಜಿಯಿಂದ ಅಲ್ಲಿ ದೇಶದ ಮೊದಲ ಹಾಡುವ ಪ್ರಾಥಮಿಕ ಶಾಲೆ ಆರಂಭವಾಯಿತು. ಗಣಿತ, ಭಾಷೆಯಂತೆ ಹಾಡೂ ದಿನನಿತ್ಯದ ಪಾಠ. ಸಂಗೀತಗಾರರನ್ನು ತಯಾರಿಸುವುದು ಶಾಲೆಯ ಗುರಿಯಾಗಿರಲಿಲ್ಲ. ಮಗು ಮುಂದೆ ಡಾಕ್ಟರ್ ಆಗಲಿ, ಕಾರ್ಖಾನೆಯ ಕೆಲಸಗಾರನಾಗಲಿ, ಸ್ವರ ಓದಿ ಹಾಡಲು ಬರಬೇಕು, ಒಳ್ಳೆಯ ಸಂಗೀತ ಕೇಳಿದರೆ ಕಿವಿ ನೆಟ್ಟಗಾಗಬೇಕು, ಅಷ್ಟೆ.

1951ರಲ್ಲಿ ಜನಪದ ಸಂಗೀತದ ಮಹಾಸಂಗ್ರಹದ ಮೊದಲ ಸಂಪುಟ ಹೊರಬಂತು. ಅದರಲ್ಲಿದ್ದದ್ದು ವೀರಗೀತೆಯಲ್ಲ, ಪ್ರೇಮಗೀತೆಯೂ ಅಲ್ಲ, ಮಕ್ಕಳ ಆಟದ ಹಾಡುಗಳು. ನಾಡಿನ ಸಂಗೀತದ ಮೊದಲ ಪುಟ ಮಕ್ಕಳದ್ದೇ ಆಯಿತು.

ಕೆಚ್ಕೆಮೇಟ್ ಮಾದರಿಯ ಶಾಲೆಗಳು 1960ರ ದಶಕದಲ್ಲಿ ನೂರು ದಾಟಿದವು. 1964ರಲ್ಲಿ ಅಂತಾರಾಷ್ಟ್ರೀಯ ಸಂಗೀತ ಶಿಕ್ಷಣ ಸಂಸ್ಥೆಯ ಸಮ್ಮೇಳನ ಬುಡಾಪೆಸ್ಟ್‌ನಲ್ಲಿ ನಡೆದಾಗ ನಾನಾ ದೇಶಗಳ ಶಿಕ್ಷಕರು ಈ ಮಕ್ಕಳ ಹಾಡು ಕೇಳಿ ದಂಗಾದರು. ಜಪಾನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೆ ಪದ್ಧತಿ ಹರಡಿತು. ಅಲ್ಲಿಯೂ ಹಂಗೇರಿಯ ಹಾಡನ್ನೇ ಕಲಿಸುವುದಲ್ಲ. ಆಯಾ ಮಗುವಿನ ನುಡಿಯ, ನೆಲದ ಹಾಡು ಮೊದಲು. ಸಂಗೀತಕ್ಕೂ ಒಂದು ತಾಯ್ನುಡಿ ಇದೆ, ಅದು ಗಟ್ಟಿಯಾದ ಮೇಲೆ ಬೇರೆ ನಾಡಿನ ಹಾಡು, ಆಮೇಲೆ ಮಹಾನ್ ಕೃತಿಗಳು. ಇದು ಕೊಡಾಯ್ ಹಾಕಿಕೊಟ್ಟ ಕ್ರಮ. ಹಾಗಾಗಿ ಅಮೆರಿಕದ ಶಿಕ್ಷಕರು ತಮ್ಮದೇ ನಾಡಿನ ಆಟದ ಹಾಡುಗಳನ್ನು ಹುಡುಕಿ ಹೊರಡಬೇಕಾಯಿತು.

ಕೊನೆಯ ದಿನಗಳು

ಎಮ್ಮಾ ತೀರಿಕೊಂಡ ಮರುವರ್ಷ, 1959ರಲ್ಲಿ, ಕೊಡಾಯ್ ಸಂಗೀತ ವಿದ್ಯಾರ್ಥಿನಿ ಶರೋಲ್ತಾ ಪೇತ್ಸೆಯಿ ಅವರನ್ನು ಮದುವೆಯಾದರು. ವಯಸ್ಸಿನ ದೊಡ್ಡ ಅಂತರ ಸಹಜವಾಗಿಯೇ ಸುದ್ದಿಯಾಯಿತು. ಕೊಡಾಯ್ ನಂತರ ಅವರ ಕೆಲಸವನ್ನು ದಶಕಗಳ ಕಾಲ ಕಾಪಾಡಿಕೊಂಡು ಬಂದವರು ಶರೋಲ್ತಾ. 1960ರಲ್ಲಿ ಆಕ್ಸ್‌ಫರ್ಡ್ ಗೌರವ ಡಾಕ್ಟರೇಟ್ ಕೊಟ್ಟಿತು. ಎಂಬತ್ತು ದಾಟಿದ ಮೇಲೂ ಅವರು ಅಮೆರಿಕಕ್ಕೆ ಹೋಗಿ ಮಕ್ಕಳ ಸಂಗೀತದ ಬಗ್ಗೆ ಉಪನ್ಯಾಸ ಮಾಡಿದರು.

1967ರ ಮಾರ್ಚ್ 6ರಂದು ಬುಡಾಪೆಸ್ಟ್‌ನಲ್ಲಿ ಕೊಡಾಯ್ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 84 ವರ್ಷ. ಅವರು 1924ರಿಂದ ವಾಸವಿದ್ದ ಮನೆ ಈಗ ವಸ್ತುಸಂಗ್ರಹಾಲಯ. ಕೆಚ್ಕೆಮೇಟ್‌ನ ಹಳೆಯ ಕ್ರೈಸ್ತ ಮಠವೊಂದರಲ್ಲಿ 1975ರಲ್ಲಿ ಅವರ ಹೆಸರಿನ ಸಂಗೀತ ಶಿಕ್ಷಣ ಸಂಸ್ಥೆ ಆರಂಭವಾಯಿತು. ದೇಶ ದೇಶಗಳ ಶಿಕ್ಷಕರು ಇಂದಿಗೂ ಅಲ್ಲಿಗೆ ಬಂದು ಕಲಿಯುತ್ತಾರೆ. 1977ರಲ್ಲಿ ತೆರೆಕಂಡ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಸಿನಿಮಾದಲ್ಲಿ ಅನ್ಯಗ್ರಹದವರೊಂದಿಗೆ ಮಾತಾಡಲು ಬಳಸುವುದು ಇದೇ ಕೈಸನ್ನೆಗಳನ್ನು. ಜನಪದ ಸಂಗೀತವನ್ನು ಉಳಿಸುವ ಉತ್ತಮ ಮಾದರಿಗಳ ಪಟ್ಟಿಗೆ ಯುನೆಸ್ಕೋ 2016ರಲ್ಲಿ ಕೊಡಾಯ್ ಚಿಂತನೆಯನ್ನು ಸೇರಿಸಿತು.

ಸಂಗೀತ ಶಾಲೆಯ ಮೆಟ್ಟಿಲು ಹತ್ತುವ ಅನುಕೂಲವಿಲ್ಲದ ಮಗುವೊಂದು ತನ್ನ ಶಾಲೆಯಲ್ಲೇ, ವಾದ್ಯವಿಲ್ಲದೆ, ಸ್ವರ ಓದಿ ಹಾಡುವುದನ್ನು ಇಂದು ಎಷ್ಟೋ ದೇಶಗಳಲ್ಲಿ ನೋಡಬಹುದು. ಗಲಾಂತದ ಬರಿಗಾಲ ಮಕ್ಕಳಿಗೆ ಸಿಗದೇ ಹೋದದ್ದು ಅದೇ.